ಟ್ರಾಕ್ಟರ್ ಬುಕ್ ಮಾಡುವ ಮುನ್ನ: ಉಳಿದ ತೆರಿಗೆ ದುಡ್ಡು ಎಲ್ಲಿ ಹಾಕಬೇಕು?

2025ರ ಸೆಪ್ಟೆಂಬರ್ 22ರಿಂದ ಟ್ರಾಕ್ಟರಿನ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿಯಿತು. ತೆರಿಗೆ ಸೇರುವ ಮುಂಚೆ ಎಂಟು ಲಕ್ಷ ರೂಪಾಯಿ ಬೆಲೆಯ ಗಾಡಿಗೆ ಹಿಂದೆ ₹96,000 ತೆರಿಗೆ ಬೀಳುತ್ತಿತ್ತು, ಈಗ ₹40,000. ಉಳಿತಾಯ ₹56,000. ಆ ದೀಪಾವಳಿಯ ಹೊತ್ತಿಗೆ ಮದ್ದೂರು ತಾಲ್ಲೂಕಿನ ನಮ್ಮೂರಿನಿಂದ ಅಣ್ಣ ಫೋನ್ ಮಾಡಿ, ‘ಹಳೇ ಗಾಡಿ ಕೊಟ್ಟು ಹೊಸದು ತಗೊಳೋಣ ಅಂತಿದೀನಿ, ಒಂದಿನ ಬಂದು ಹೋಗು’ ಎಂದ. ಹೋದರೆ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಉಳಿಯುವ ದುಡ್ಡಿಗೆ ಇನ್ನೊಂದಿಷ್ಟು ಹಾಕಿ ದೊಡ್ಡ ಎಚ್‌ಪಿಗೆ ಹೋಗೋಣ ಎಂಬುದು ಮಗನ ಆಸೆ. ಅಷ್ಟು ಸಾಲ ಕಡಿಮೆ ಮಾಡಿ ಎಂಬುದು ಅತ್ತಿಗೆಯ ಪಟ್ಟು. ಅಣ್ಣನಿಗೆ ಮಾತ್ರ ಒಂದೇ ಚಿಂತೆ: ಗದ್ದೆಯಿಂದ ಕಬ್ಬಿನ ಲೋಡು ಹೊರಗೆ ಬರಬೇಕು, ಕಾರ್ಖಾನೆ ಮುಟ್ಟಬೇಕು.

ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಟ್ರಾಕ್ಟರ್ ಎಂದರೆ ಉಳುವ ಗಾಡಿಗಿಂತ ಹೆಚ್ಚಾಗಿ ಎಳೆಯುವ ಗಾಡಿ. ವಿಶ್ವೇಶ್ವರಯ್ಯ ನಾಲೆಯ ನೀರು ಬಂದ ಮೇಲೆ ಕಬ್ಬು ಬಂತು, ಕಬ್ಬಿನ ಹಿಂದೆಯೇ ಮಂಡ್ಯದ ಮೈಶುಗರ್ ಬಂತು, ಆಮೇಲೆ ಕೆ.ಎಂ.ದೊಡ್ಡಿ, ಕೊಪ್ಪದ ಕಾರ್ಖಾನೆಗಳು ಬಂದವು, ಊರೂರಿಗೆ ಆಲೆಮನೆಗಳೂ ಇವೆ. ವರ್ಷದಲ್ಲಿ ಉಳುಮೆ ಕೆಲವು ವಾರದ್ದು, ಟ್ರೇಲರ್ ಎಳೆಯುವುದು ತಿಂಗಳುಗಟ್ಟಲೆ. ಹಾಗಾಗಿ ಬುಕ್ ಮಾಡುವಾಗ ಯಾವ ಕಂಪನಿ ಎಂಬುದಕ್ಕಿಂತ ಎಳೆಯುವ ಕೆಲಸಕ್ಕೆ ಏನೇನು ಹಾಕಿಸಿಕೊಳ್ಳಬೇಕು ಎಂಬ ಪ್ರಶ್ನೆಯಲ್ಲೇ ನಿಜವಾದ ದುಡ್ಡು ಇದೆ.

ಅದಕ್ಕೆ ನಾನು ಮನೆಯಲ್ಲಿ ಇಟ್ಟ ಸೂತ್ರ ಸರಳ. ಆಮೇಲೆ ಬಿಚ್ಚಿ ಬದಲಾಯಿಸಲು ಆಗದ್ದಕ್ಕೆ ಈಗ ದುಡ್ಡು ಹಾಕು. ಬೋಲ್ಟ್ ಬಿಗಿದು ಕೂರಿಸುವಂಥದ್ದು ಯಾವಾಗ ಬೇಕಾದರೂ ಬರುತ್ತದೆ. ಬ್ರೇಕು, ಕ್ಲಚ್ಚು, ಫೋರ್ ವೀಲ್ ಡ್ರೈವ್ ಮೊದಲನೆಯ ಗುಂಪು. ಟಾಪು, ಬಂಪರು, ಟೂಲ್ ಬಾಕ್ಸು, ಸೀಟಿನ ಕವರು ಎರಡನೆಯದು.

ಮೊದಲು ಬ್ರೇಕು. ಒಣ ಡಿಸ್ಕಿನ ಬ್ರೇಕು, ಎಣ್ಣೆಯಲ್ಲಿ ಮುಳುಗಿರುವ ಆಯಿಲ್ ಬ್ರೇಕು ಎಂದು ಎರಡು ಬಗೆ. ಕೆಲವು ಮಾಡೆಲ್‌ಗಳಲ್ಲಿ ಎರಡೂ ಸಿಗುತ್ತವೆ. ಕೆಸರು, ನೀರು ಹೊಕ್ಕರೆ ಒಣ ಬ್ರೇಕಿನ ಹಿಡಿತ ತಗ್ಗುತ್ತದೆ, ಲೈನರ್ ಬೇಗ ಸವೆಯುತ್ತದೆ. ಆಯಿಲ್ ಬ್ರೇಕಿಗೆ ಧೂಳು, ಕೆಸರಿನ ಕಾಟವಿಲ್ಲ, ಎಣ್ಣೆ ಬಿಸಿಯನ್ನು ಎಳೆದುಕೊಳ್ಳುತ್ತದೆ, ವರ್ಷಗಟ್ಟಲೆ ಬಾಳುತ್ತದೆ. ನಮ್ಮ ಕಡೆಯ ಟ್ರೇಲರಿಗೆ ಸಾಮಾನ್ಯವಾಗಿ ತನ್ನದೇ ಬ್ರೇಕ್ ಇರುವುದಿಲ್ಲ. ಎರಡು ಟನ್ ಆಸುಪಾಸಿನ ಟ್ರಾಕ್ಟರು, ಅದಕ್ಕಿಂತ ಎಷ್ಟೋ ಪಟ್ಟು ತೂಗುವ ಕಬ್ಬು. ಅಷ್ಟನ್ನೂ ಹಿಡಿದು ನಿಲ್ಲಿಸಬೇಕಾದದ್ದು ಟ್ರಾಕ್ಟರಿನ ಹಿಂದಿನ ಎರಡು ಚಕ್ರ.

ಮಳವಳ್ಳಿಯ ನಮ್ಮ ಮಾವ ಆಲೆಮನೆಗೆ ಕಬ್ಬು ಹೊಡೆಯುತ್ತಾ ಕೂದಲು ಬೆಳ್ಳಗೆ ಮಾಡಿಕೊಂಡವರು. ಎಚ್‌ಪಿಯ ಮಾತು ಎತ್ತಿದ ಮೊಮ್ಮಗನಿಗೆ ಅವರು ಹೇಳಿದ್ದು ಇಷ್ಟೇ: ‘ಎಳೆಯೋಕೆ ಎಲ್ಲವೂ ಎಳೀತವೆ ಕಣಪ್ಪ. ಶಿವನಸಮುದ್ರದ ಕಡೆ ಇಳುಕ್ನಲ್ಲಿ ಲೋಡು ಹಿಂದ್ನಿಂದ ತಳ್ಳುತ್ತಲ್ಲ, ಆಗ ನಿಂತ್ಕೊಳ್ಳೋ ಗಾಡಿ ನೋಡು.’ ಆಮೇಲೆ ಹಳೇ ಗಾಡಿಯ ಹತ್ತಿರ ಅವನನ್ನು ಕರೆದುಕೊಂಡು ಹೋಗಿ, ಎಡಬಲದ ಬ್ರೇಕ್ ಪೆಡಲ್‌ಗಳನ್ನು ಒಂದಕ್ಕೊಂದು ಸೇರಿಸುವ ಚಿಲಕ ತೋರಿಸಿದರು. ಗದ್ದೆಯಲ್ಲಿ ಚಿಕ್ಕದಾಗಿ ತಿರುಗಿಸಲು ಅದನ್ನು ಬಿಚ್ಚಿರುತ್ತಾರೆ. ರಸ್ತೆಗೆ ಬಂದ ಮೇಲೂ ಹಾಕದಿದ್ದರೆ ಒಂದೇ ಚಕ್ರ ಹಿಡಿದು ಗಾಡಿ ಅಡ್ಡ ತಿರುಗುತ್ತದೆ. ಆ ಚಿಲಕ ಹಾಕಲು ಕಾಸು ಖರ್ಚಿಲ್ಲ.

ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಟ್ರಾಕ್ಟರಿಗೆ ಪ್ರವೇಶವಿಲ್ಲ. ಕಬ್ಬಿನ ಲೋಡು ಸರ್ವೀಸ್ ರಸ್ತೆಯಲ್ಲೇ ಹೋಗಬೇಕು. ಅಲ್ಲಿ ಹಂಪು, ಅಂಡರ್‌ಪಾಸು, ಅಡ್ಡ ಬರುವ ಬೈಕು, ಬಸ್ಸು. ನಿಲ್ಲಿಸು, ಎಳೆ, ಮತ್ತೆ ನಿಲ್ಲಿಸು. ಬ್ರೇಕು, ಕ್ಲಚ್ಚಿನ ಖರ್ಚು ಹೆಚ್ಚುವುದು ಇಲ್ಲೇ.

ಕ್ಲಚ್ಚಿನಲ್ಲಿ ಸಿಂಗಲ್, ಡ್ಯುಯಲ್ ಎಂಬ ಆಯ್ಕೆ. ರೋಟಾವೇಟರ್ ಹೊಡೆಯುವವರಿಗೆ, ಒಕ್ಕಣೆ ಯಂತ್ರ ನಡೆಸುವವರಿಗೆ ಡ್ಯುಯಲ್ ಬೇಕು. ಗಾಡಿ ನಿಂತರೂ ಪಿಟಿಒ ತಿರುಗುತ್ತಲೇ ಇರುತ್ತದೆ. ಬರೀ ಟ್ರೇಲರ್ ಎಳೆಯುವವರಿಗೆ ಸಿಂಗಲ್ ಸಾಕು. ಹೈಡ್ರಾಲಿಕ್ ಟ್ರಾಲಿ ಎತ್ತಲು ಬೇಕಾದ ಹೆಚ್ಚುವರಿ ವಾಲ್ವಿನ ಕಥೆಯೂ ಇದೇ. ಗೊಬ್ಬರ, ಮಣ್ಣು ಹೊಡೆಯುವವರಿಗೆ ಅದು ಕೆಲಸಕ್ಕೆ ಬರುತ್ತದೆ. ಕಬ್ಬನ್ನು ಕಾರ್ಖಾನೆಯ ಅಂಗಳದಲ್ಲಿ ಕ್ರೇನು ಇಳಿಸಿಕೊಳ್ಳುವಾಗ ಅದಕ್ಕೇಕೆ ದುಡ್ಡು? ನಮ್ಮಣ್ಣನಿಗೆ ರೋಟಾವೇಟರ್ ಇದೆ, ಹೈಡ್ರಾಲಿಕ್ ಟ್ರಾಲಿ ಇಲ್ಲ. ಡ್ಯುಯಲ್ ಕ್ಲಚ್ ಹಾಕಿಸಿ, ವಾಲ್ವ್ ಬಿಟ್ಟೆವು.

ಫೋರ್ ವೀಲ್ ಡ್ರೈವ್ ಎಂದರೆ ಬೆಲೆ ಲಕ್ಷದ ಲೆಕ್ಕದಲ್ಲಿ ಏರುತ್ತದೆ. ಮಳೆಗಾಲದಲ್ಲಿ ಒದ್ದೆ ಗದ್ದೆಯಿಂದ ದಿನಾ ಲೋಡು ಎಳೆಯುವವರಿಗೆ ಅದು ಅನುಕೂಲ. ಮೂರ್ನಾಲ್ಕು ಎಕರೆ ಸ್ವಂತ ಕಬ್ಬಿನವರಿಗೆ ಹಿಂದಿನ ಟೈರು ಒಂದು ಸೈಜು ಅಗಲ ಮಾಡಿಸಿದರೆ, 13.6×28ರ ಬದಲು 14.9×28 ತಗೊಂಡರೆ, ಕಡಿಮೆ ಖರ್ಚಿನಲ್ಲಿ ಹಿಡಿತ ಸಿಗುತ್ತದೆ.

ಮುಂದಿನ ವೇಟನ್ನು ಜನ ಶೋಕಿ ಎಂದುಕೊಂಡಿದ್ದಾರೆ. ಹಿಂದೆ ಭಾರ ಜಗ್ಗಿದಾಗ, ಅದರಲ್ಲೂ ಹುಕ್ ಎತ್ತರದಲ್ಲಿದ್ದಾಗ, ಮುಂದಿನ ಚಕ್ರ ನೆಲ ಬಿಡುತ್ತದೆ, ಸ್ಟೇರಿಂಗು ಮಾತು ಕೇಳುವುದಿಲ್ಲ. ನಾಲೆ ಏರಿಯ ಮೇಲೆ ಹೀಗಾದರೆ ಏನಾಗುತ್ತದೆಂದು ಈ ಕಡೆಯವರಿಗೆ ಹೇಳಬೇಕಿಲ್ಲ. ಕಂಪನಿಯ ವೇಟು, ಕಂಪನಿಯ ಹುಕ್ಕು, ಟ್ರೇಲರಿನ ಲೈಟಿಗೆ ಕರೆಂಟು ಕೊಡುವ ಸಾಕೆಟ್ಟು, ಈ ಮೂರು ಬೋಲ್ಟಿನವೇ ಆದರೂ ನಾವು ಷೋರೂಮಿನಿಂದಲೇ ತಗೊಂಡೆವು. ಬಿಲ್ಲಿಗೆ ಸೇರಿದ ಸಾಮಾನು ವಿಮೆಯ ಲೆಕ್ಕಕ್ಕೂ ಸುಲಭವಾಗಿ ಸೇರುತ್ತದೆ. ಹೊರಗೆ ಹಾಕಿಸಿದ್ದನ್ನು ಪ್ರತ್ಯೇಕವಾಗಿ ಹೇಳಿ ಬರೆಸಬೇಕು.

ಷೋರೂಮಿನಲ್ಲಿ ಒಂದು ರಂಪವೂ ಆಯಿತು. ಕೊಟೇಶನ್ನಿನ ಕೊನೆಯ ಸಾಲಿನಲ್ಲಿ ‘ಆಕ್ಸೆಸರೀಸ್ ಸೆಟ್’ ಎಂದು ಒಂದೇ ಮೊತ್ತ. ಬಿಡಿಸಿ ಬರೆಯಿರಿ ಎಂದರೆ, ‘ಸೆಟ್ ಅಂದ್ರೆ ಸೆಟ್ಟೇ ಸಾರ್, ಬಿಡಿ ರೇಟು ಬರಲ್ಲ’ ಎಂದ ಹುಡುಗ. ಅಣ್ಣ ಎದ್ದು ನಿಂತ ಮೇಲೆ ಬಿಡಿ ರೇಟು ತಾನಾಗಿ ಬಂತು. ನೋಡಿದರೆ ಮೊತ್ತದ ದೊಡ್ಡ ಪಾಲು ಟಾಪು ಮತ್ತು ಬಂಪರಿನದು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬಂತೆ, ವೇಟು ಸೆಟ್ಟಿನಲ್ಲಿ ಇರಲೇ ಇಲ್ಲ. ಟಾಪು, ಬಂಪರು ಹೊಡೆದುಹಾಕಿಸಿ ವೇಟು ಬರೆಸಿದೆವು.

ಇನ್ನು ಸಾಲ. ₹40,000ದ ಹೆಚ್ಚುವರಿ ಸಾಮಾನನ್ನು ಶೇ 12ರ ಬಡ್ಡಿಯಲ್ಲಿ ಐದು ವರ್ಷಕ್ಕೆ, ಆರು ತಿಂಗಳಿಗೊಂದು ಕಂತಿನಂತೆ ತೀರಿಸಿದರೆ ಕಟ್ಟುವುದು ಸುಮಾರು ₹54,300. ಅದೇ ಶೇ 3ರಲ್ಲಾದರೆ ಸುಮಾರು ₹43,400. ಸಹಕಾರ ಸಂಘ, ಪಿಎಲ್‌ಡಿ ಬ್ಯಾಂಕುಗಳ ಮೂಲಕ ಶೇ 3ರ ಬಡ್ಡಿಯಲ್ಲಿ ಸಿಗುವ ಮಧ್ಯಮಾವಧಿ, ದೀರ್ಘಾವಧಿ ಸಾಲದ ಮಿತಿಯನ್ನು ರಾಜ್ಯ ಸರ್ಕಾರ 2023ರಲ್ಲಿ 10 ಲಕ್ಷದಿಂದ 15 ಲಕ್ಷಕ್ಕೆ ಏರಿಸಿದೆ. ಓಡಾಟ ಜಾಸ್ತಿ, ಕಂತು ತಪ್ಪಿದರೆ ರಿಯಾಯಿತಿಯೂ ತಪ್ಪುತ್ತದೆ. ಆದರೂ ಷೋರೂಮಿನ ಟೇಬಲ್ಲಿನ ಮೇಲೆ ಸಹಿ ಮಾಡುವ ಮುಂಚೆ ಅಲ್ಲೊಮ್ಮೆ ವಿಚಾರಿಸಿ. ಕಬ್ಬಿನ ದುಡ್ಡು 14 ದಿನದಲ್ಲಿ ಬರಬೇಕೆಂದು ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಬರುವುದು ಯಾವಾಗ ಎಂಬುದು ಬೆಳೆಗಾರರಿಗೆ ಗೊತ್ತು. ತಿಂಗಳ ಕಂತು ನಮಗೆ ಹೇಳಿದ್ದಲ್ಲ, ಅರ್ಧ ವರ್ಷದ ಕಂತೇ ಸರಿ.

ಕೊನೆಗೆ ಟ್ರೇಲರು. ಅಮೆರಿಕದಲ್ಲಿ ಫೋರ್ಡ್ ಎಫ್-350ಯಂಥ ಭಾರಿ ಪಿಕಪ್ ಬುಕ್ ಮಾಡುವವರೂ ಹೀಗೆಯೇ ಪಟ್ಟಿ ಹಿಡಿದು ಕೂರುತ್ತಾರೆ. ಟ್ರೇಲರಿನ ಬ್ರೇಕನ್ನು ಡ್ರೈವರ್ ಸೀಟಿನಿಂದಲೇ ಹಿಡಿತದಲ್ಲಿಡುವ ಸಲಕರಣೆ ಅಲ್ಲಿ ಕಾರ್ಖಾನೆಯಲ್ಲೇ ಕೂತು ಬರುತ್ತದೆ, ಬಹುತೇಕ ರಾಜ್ಯಗಳಲ್ಲಿ ಇಂತಿಷ್ಟು ತೂಕ ಮೀರಿದ ಟ್ರೇಲರಿಗೆ ತನ್ನದೇ ಬ್ರೇಕ್ ಇರಲೇಬೇಕು. ನಮ್ಮಲ್ಲಿ ಟ್ರೇಲರ್ ಮಾಡಿಸುವಾಗ ಬ್ರೇಕು ಕೇಳುವವರೇ ಕಡಿಮೆ. ಹೊಸ ಟ್ರೇಲರ್ ಮಾಡಿಸುವವರು ಕೇಳಿ ಹಾಕಿಸಿಕೊಳ್ಳಿ. ನಮ್ಮ ಐವತ್ತಾರು ಸಾವಿರದಲ್ಲಿ ಉಳಿದದ್ದನ್ನು ನಾವು ಅದಕ್ಕೇ ಎತ್ತಿಟ್ಟಿದ್ದೇವೆ. ಟ್ರೇಲರೂ ಕಾನೂನಿನ ಲೆಕ್ಕದಲ್ಲಿ ಒಂದು ವಾಹನ. ಅದಕ್ಕೂ ನೋಂದಣಿ ಬೇಕು, ವಿಮೆ ಬೇಕು, ಹಿಂದೆ ಹೊಳೆಯುವ ಪಟ್ಟಿ ಬೇಕು. ಬೇರೆಯವರ ಕಬ್ಬನ್ನು ಬಾಡಿಗೆಗೆ ಹೊಡೆಯುವ ಯೋಚನೆ ಇದ್ದರೆ ಅದನ್ನು ಮೊದಲೇ ಹೇಳಿ, ಆ ಬಳಕೆಗೆ ತಕ್ಕ ನೋಂದಣಿ, ವಿಮೆ ಮಾಡಿಸಿ. ವ್ಯವಸಾಯದ ಪಾಲಿಸಿ ಇಟ್ಟುಕೊಂಡು ಬಾಡಿಗೆ ಹೊಡೆದರೆ ಅಪಘಾತವಾದ ದಿನ ವಿಮೆ ಕಂಪನಿ ಕೈ ಎತ್ತಬಹುದು, ಆಗ ಪರಿಹಾರ ಕಟ್ಟಲು ಜಮೀನೇ ಮಾರಬೇಕಾದೀತು.

ಬುಕಿಂಗ್ ಹಣ ಕೊಡುವ ಮುನ್ನ ಕೊಟೇಶನ್ನಿನಲ್ಲಿ ಬ್ರೇಕಿನ ಬಗೆ, ಕ್ಲಚ್ಚಿನ ಬಗೆ, ಟೈರಿನ ಸೈಜು, ವೇಟು, ಹುಕ್ಕು ಇವಿಷ್ಟನ್ನೂ ಬೇರೆ ಬೇರೆ ಸಾಲಿನಲ್ಲಿ, ಬೆಲೆ ಸಮೇತ ಬರೆಸಿಕೊಳ್ಳಿ. ಗಾಡಿ ಮನೆಗೆ ತರುವ ದಿನ ಅದೇ ಹಾಳೆ ಹಿಡಿದು ಒಂದೊಂದನ್ನೂ ತಾಳೆ ನೋಡಿ. ಬರೆದುಕೊಡಲು ಒಪ್ಪದ ಷೋರೂಮಿನಲ್ಲಿ ಗಾಡಿ ತಗೊಳ್ಳಬೇಡಿ.