ಉಣ್ಣೆಯ ಶವವಸ್ತ್ರ

ಪೂರ್ವಕಾಲದ ಶವಸಂಸ್ಕಾರದ ಪದ್ಧತಿಗಳು ವಂಶಾವಳಿಯನ್ನು ಹುಡುಕುವವರಿಗೆ ಹೇಗೆ ಸಹಾಯವಾಗುತ್ತವೆಂಬದಕ್ಕೆ ಇಂಗ್ಲೆಂಡ್ ದೇಶದ ಒಂದು ದೃಷ್ಟಾಂತವನ್ನು ಹೇಳುವೆವು. ಅಲ್ಲಿ 1678ರ ಕಾಯಿದೆಯ ಮೇರೆಗೆ ಸತ್ತವರನ್ನು ಉಣ್ಣೆಯ ಬಟ್ಟೆಯಲ್ಲಿಯೇ ಸುತ್ತಿ ಹೂಣಿಡಬೇಕಾಗಿತ್ತು. ಇದು ಭಕ್ತಿಯಿಂದಲ್ಲ, ಉಣ್ಣೆಯ ವ್ಯಾಪಾರವು ವೃದ್ಧಿಯಾಗಲೆಂದೇ. ಹಾಗೆ ಹೂಣಿಟ್ಟದ್ದು ನಿಜವೆಂದು 8 ದಿನಗಳೊಳಗೆ ಯಾರಾದರೂ ಪ್ರಮಾಣಮಾಡದಿದ್ದರೆ 5 ಪೌಂಡು ದಂಡ. ಐಶ್ವರ್ಯವಂತರು ದಂಡವನ್ನು ತೆತ್ತು ನಾರುಮಡಿಯನ್ನೇ ಉಡಿಸಿದರು. ದಂಡದ ಅರ್ಧವು ದೂರುಕೊಟ್ಟವನಿಗೆ ಸಲ್ಲುತ್ತಿದ್ದದರಿಂದ ಮನೆಯವರೇ ದೂರುಕೊಟ್ಟದ್ದೂ ಉಂಟು!

ಬಡವರ ಸಮಾಧಿಗೆ ಕಲ್ಲೆಲ್ಲಿ? ಆದರೆ 1814ರಲ್ಲಿ ರದ್ದಾದ ಈ ಕಾಯಿದೆಯ ನಿಮಿತ್ತ, ಪ್ರಮಾಣಮಾಡಿದವರ ಹೆಸರನ್ನು ಕೆಲವು ಪಾದ್ರಿಗಳು ಸಭೆಯ ದಾಖಲೆಪುಸ್ತಕದಲ್ಲಿ ಬರೆದಿಟ್ಟರು. ಅದು ಕೆಲವು ಸಾರಿ ಬಂಧುವಿನದು, ಕೆಲವು ಸಾರಿ ಶವವನ್ನು ಅಣಿಮಾಡಿದ ಸ್ತ್ರೀಯದು. ಒಂದೇ ಹೆಸರಿನ ಇಬ್ಬರು ಒಂದೇ ಹಳ್ಳಿಯಲ್ಲಿ ಸತ್ತಿದ್ದರೆ, ಯಾರು ಯಾವ ಮನೆಯವರೆಂಬದು ಆ ಸಾಕ್ಷಿಯ ಹೆಸರಿನಿಂದಲೇ ಗೊತ್ತಾಗಬಹುದು.