ಗರಡಿಯಿಂದ ಪಂಜರಕ್ಕೆ: ಕಲಿಯುವ ಮುನ್ನ ಬಿಡಬೇಕಾದ್ದು

ಬೆಂಗಳೂರಿನ ಒಂದು ಜಿಮ್. ದಾವಣಗೆರೆ ಕಡೆಯ ಹುಡುಗ, ಮ್ಯಾಟ್ ಮೇಲೆ ಏಳೆಂಟು ವರ್ಷ ಪಳಗಿದವನು, ಬಂದ ಮೊದಲ ದಿನವೇ ಎದುರಿನವನ ಎರಡೂ ಕಾಲು ಬಾಚಿ ಹಿಡಿದು ಎತ್ತಿ ಕೆಡವಿದ. ನೋಡುತ್ತಿದ್ದವರು ಶಿಳ್ಳೆ ಹೊಡೆದರು. ಎರಡನೇ ಸಲ ತಾನೇ ಜಾರಿಬಿದ್ದ. ಬಿದ್ದವನೇ ಗಿರಕ್ಕನೆ ಹೊರಳಿ, ಮೊಣಕೈ ಮಡಚಿ, ಹೊಟ್ಟೆಯನ್ನು ನೆಲಕ್ಕೆ ಒತ್ತಿ ಬೋರಲಾದ. ಗರಡಿಯಲ್ಲಿ ಉಸ್ತಾದರು ಹೇಳಿಕೊಟ್ಟಿದ್ದೇ ಅದು: ಭುಜ ನೆಲಕ್ಕೆ ತಾಗಿದರೆ ಚಿತ್. ಆದರೆ ಎದುರಾಳಿ ನಿಧಾನವಾಗಿ ಬೆನ್ನೇರಿ, ಸೊಂಟಕ್ಕೆ ಕಾಲು ಸುತ್ತಿ, ಗದ್ದದ ಕೆಳಗೆ ತೋಳು ತೂರಿಸಿದ. ಹತ್ತು ಎಣಿಸುವುದರೊಳಗೆ ಹುಡುಗ ಸೋಲೊಪ್ಪಿ ನೆಲ ತಟ್ಟಿದ. ಆ ಸಂಜೆ ನಾಲ್ಕು ಸಲ ತಟ್ಟಿದ. ನಾಲ್ಕು ಸಲವೂ ಬೋರಲಾಗಿಯೇ.

ಫ್ರೀಸ್ಟೈಲ್ ಕುಸ್ತಿಯಿಂದ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್‌ಗೆ, ಅಂದರೆ ಎಂಎಂಎಗೆ ಹೋಗಬೇಕೆನ್ನುವವರಿಗೆ ನನ್ನ ಮೊದಲ ಮಾತು ಇದೇ. ನಿಮಗೆ ಕಸುವಿದೆ, ದಮ್ಮಿದೆ, ಕೆಡವುವ ವಿದ್ಯೆ ಇದೆ. ತೊಂದರೆ ಕೊಡುವುದು ನಿಮ್ಮ ಒಳ್ಳೆಯ ಅಭ್ಯಾಸಗಳೇ. ‘ಪೈಲ್ವಾನ್’ ಸಿನಿಮಾದಲ್ಲಿ ಕುಸ್ತಿಪಟು ಬಾಕ್ಸರ್ ಆಗಲು ಇಂಟರ್ವಲ್ ನಂತರದ ಭಾಗ ಸಾಕಾಗಿತ್ತು. ನೀವು ಒಂದೆರಡು ವರ್ಷವನ್ನಾದರೂ ಎತ್ತಿಡಿ.

ಹೊರಡುವ ಮುನ್ನ

ಕುಸ್ತಿಗೆ ರೈಲ್ವೆ, ಪೊಲೀಸ್, ಸೇನೆಯಲ್ಲಿ ಕ್ರೀಡಾ ಕೋಟಾ ಇದೆ. ಆ ದಾರಿಯಲ್ಲಿ ಅರ್ಜಿ ಹಾಕಿದ್ದರೆ, ಕೆಲಸ ಸಿಕ್ಕಿದ್ದರೆ, ವೃತ್ತಿಪರ ಪಂದ್ಯ ಆಡಲು ಇಲಾಖೆಯ ಅನುಮತಿ ಬೇಕೇ ಎಂದು ಬರವಣಿಗೆಯಲ್ಲೇ ಕೇಳಿ. ಹುಮ್ಮಸ್ಸಿನಲ್ಲಿ ರಾಜೀನಾಮೆ ಬರೆಯಬೇಡಿ. ವಯಸ್ಸಿನ ಚಿಂತೆ ಅಷ್ಟು ಬೇಡ. ಅಮೆರಿಕದ ಡೇನಿಯಲ್ ಕಾರ್ಮಿಯರ್ ಎರಡು ಒಲಿಂಪಿಕ್ಸ್ ತಂಡದಲ್ಲಿದ್ದು, 2009ರಲ್ಲಿ 30ರ ವಯಸ್ಸಿನಲ್ಲಿ ಎಂಎಂಎಗೆ ಬಂದು, ಈ ಪಂದ್ಯಗಳನ್ನು ನಡೆಸುವ ಅಮೆರಿಕದ ಸಂಸ್ಥೆ ಯುಎಫ್‌ಸಿಯ ಎರಡು ತೂಕ ವಿಭಾಗಗಳಲ್ಲಿ ಚಾಂಪಿಯನ್ ಆದರು.

ಜಿಮ್ ಗೊತ್ತು ಮಾಡಿಕೊಳ್ಳುವಾಗ ದುಡ್ಡು ಕಟ್ಟುವ ಮುನ್ನ ಒಂದು ತರಗತಿ ಪೂರ್ತಿ ಕೂತು ನೋಡಿ. ನೆಲದ ಮೇಲಿನ ಪಟ್ಟುಗಳ ವಿದ್ಯೆಯಾದ ಬ್ರೆಜಿಲಿಯನ್ ಜಿಯು-ಜಿಟ್ಸು ಕಲಿಸಲು ಒಬ್ಬರು, ಬಾಕ್ಸಿಂಗ್ ಅಥವಾ ಮುಯೇ ಥಾಯ್ ಕಲಿಸಲು ಒಬ್ಬರು ಇರಬೇಕು. ಹೊಸಬನನ್ನು ಮೊದಲ ವಾರವೇ ಹಳಬನ ಎದುರು ನಿಲ್ಲಿಸಿ ಹೊಡೆಸುವ ಜಿಮ್ ಆದರೆ ಚಪ್ಪಲಿ ಮೆಟ್ಟಿಕೊಂಡು ಹೊರಡಿ.

ಮೊದಲ ಮೂರು ತಿಂಗಳು: ಅಂಗಾತ ಮಲಗುವ ಪಾಠ

ಕುಸ್ತಿಯಲ್ಲಿ ಅಂಗಾತ ಬಿದ್ದವನು ಸೋತ. ಎಂಎಂಎ ಪಂದ್ಯ ನಡೆಯುವ ಬಲೆಯ ಪಂಜರದಲ್ಲಿ ಬೋರಲು ಬಿದ್ದವನು ಸೋಲುತ್ತಾನೆ. ಇಷ್ಟನ್ನು ಮೈಗೆ ಒಪ್ಪಿಸುವುದೇ ಕಷ್ಟದ ಕೆಲಸ, ಏಕೆಂದರೆ ಬಿದ್ದಾಗ ಹೊರಳುವುದು ತಲೆಯ ತೀರ್ಮಾನವಲ್ಲ, ಬೆನ್ನಿನ ಸ್ವಭಾವ. ಹಾಗಾಗಿ ಮೊದಲ ದಿನಗಳಲ್ಲಿ ಯಾರನ್ನೂ ಕೆಡವಲು ಹೋಗಬೇಡಿ. ಅಂಗಾತ ಮಲಗಿಯೇ ಅಭ್ಯಾಸ ಶುರುಮಾಡಿ. ಎದುರಾಳಿಯ ಸೊಂಟವನ್ನು ಎರಡು ಕಾಲಿನ ನಡುವೆ ಸಿಕ್ಕಿಸುವುದು, ಅಂದರೆ ಗಾರ್ಡ್. ಅಲ್ಲಿಂದ ಸೊಂಟ ಪಕ್ಕಕ್ಕೆ ಜಾರಿಸಿ ಜಾಗ ಮಾಡಿಕೊಳ್ಳುವುದು. ಒಂದು ಕೈ ನೆಲಕ್ಕೂರಿ, ಇನ್ನೊಂದು ಕೈಯನ್ನು ಮುಖಕ್ಕೆ ಅಡ್ಡ ಹಿಡಿದು ಏಳುವುದು. ಈ ಮೂರನ್ನು ದಿನಕ್ಕೆ ನೂರು ಸಲ ಮಾಡಿ. ಬಸ್ಕಿ ಹೊಡೆದವರಿಗೆ ನೂರು ದೊಡ್ಡದಲ್ಲ.

ಮೇಲೆ ಕೂತವರಿಗೂ ಅಪಾಯ ತಪ್ಪಿದ್ದಲ್ಲ. 1992ರ ಒಲಿಂಪಿಕ್ಸ್ ಚಿನ್ನದ ಕುಸ್ತಿಪಟು ಕೆವಿನ್ ಜಾಕ್ಸನ್ 1997ರಲ್ಲಿ ಫ್ರಾಂಕ್ ಶ್ಯಾಮ್ರಾಕ್ ಎದುರು ಕೇವಲ 16 ಸೆಕೆಂಡಿನಲ್ಲಿ ಆರ್ಮ್‌ಬಾರ್‌ಗೆ ಸಿಕ್ಕಿಬಿದ್ದರು. ಕೆಳಗಿದ್ದವನು ತೋಳನ್ನು ಎಳೆದುಕೊಂಡು ಮೊಣಕೈಯನ್ನು ಉಲ್ಟಾ ಬಗ್ಗಿಸುವ ಪಟ್ಟು ಅದು. ನಮ್ಮವರೇ ಆದ ರಿತು ಫೋಗಟ್ ಕಥೆಯೂ ಹಾಗೆಯೇ ಇದೆ. 2017ರಲ್ಲಿ 23 ವರ್ಷದೊಳಗಿನವರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ ಗೆದ್ದವರು, 2019ರಲ್ಲಿ ಸಿಂಗಪುರಕ್ಕೆ ಹೋಗಿ ತರಬೇತಿ ಪಡೆದು, ಅದೇ ನವೆಂಬರ್‌ನಲ್ಲಿ ಬೀಜಿಂಗ್‌ನಲ್ಲಿ ಮೊದಲ ಪಂದ್ಯವನ್ನು ಮೊದಲ ಸುತ್ತಿನಲ್ಲೇ ಗೆದ್ದರು. 2021ರ ಡಿಸೆಂಬರ್‌ನಲ್ಲಿ ಇನ್ನೊಂದು ಎಂಎಂಎ ಸಂಸ್ಥೆಯಾದ ಒನ್ ಚಾಂಪಿಯನ್‌ಷಿಪ್‌ನ ಗ್ರ್ಯಾಂಡ್ ಪ್ರಿ ಫೈನಲ್ ತಲುಪಿದರು. ಎದುರಿದ್ದವರು ಥಾಯ್ಲೆಂಡ್‌ನ ಸ್ಟ್ಯಾಂಪ್ ಫೇರ್‌ಟೆಕ್ಸ್, ಒದೆತ-ಗುದ್ದಿನ ಮುಯೇ ಥಾಯ್‌ನಲ್ಲಿ ಬೆಳೆದವರು. ರಿತು ಸೋತದ್ದು ಒದೆತಕ್ಕಲ್ಲ, ನೆಲದ ಮೇಲೆ, ಆರ್ಮ್‌ಬಾರ್‌ಗೆ. ಕುಸ್ತಿಪಟುವಿಗೆ ನೆಲ ತನ್ನದೇ ಎನಿಸುತ್ತದೆ. ಆ ನಂಬಿಕೆಯೇ ಮೋಸ ಮಾಡುವುದು.

ಆಮೇಲೆ ತಲೆ

ಕುಸ್ತಿಯಲ್ಲಿ ಬಗ್ಗಿ, ತಲೆ ಮುಂದೆ ಮಾಡಿ ನಿಲ್ಲುತ್ತೇವೆ. ಬಲಗೈಯವರು ಬಲಗಾಲನ್ನೇ ಮುಂದಿಡುವುದು ಹೆಚ್ಚು. ಬಾಕ್ಸಿಂಗ್ ಇದಕ್ಕೆ ತಿರುಗುಮುರುಗು: ಎಡಗಾಲು ಮುಂದೆ, ಗದ್ದ ಕೆಳಗೆ, ಕೈ ಕೆನ್ನೆಗೆ. ಎರಡರ ನಡುವೆ ನಿಮಗೊಪ್ಪುವ ಭಂಗಿ ಸಿಗಲು ತಿಂಗಳುಗಳೇ ಬೇಕು. ಕನ್ನಡಿ ಎದುರು ನಿಂತು ಅಭ್ಯಾಸ ಮಾಡಿ, ನಾಚಿಕೆ ಬೇಡ.

ತಲೆ ಬಗ್ಗಿಸಿ ಕಾಲಿಗೆ ನುಗ್ಗಿದರೆ ಏನಾಗುತ್ತದೆ ಎಂಬುದಕ್ಕೆ ಬೆನ್ ಆಸ್ಕ್ರೆನ್ ಉದಾಹರಣೆ. 2008ರ ಒಲಿಂಪಿಯನ್, ಅಲ್ಲಿಯವರೆಗೆ ಎಂಎಂಎನಲ್ಲಿ ಒಂದೂ ಸೋಲು ಕಾಣದವರು. 2019ರ ಜುಲೈನಲ್ಲಿ ಗಂಟೆ ಬಾರಿಸುತ್ತಿದ್ದಂತೆ ಹೋರ್ಹೆ ಮಾಸ್ವಿಡಾಲ್ ಓಡಿಬಂದು ಮೊಣಕಾಲು ಹಾರಿಸಿದರು. ಆಸ್ಕ್ರೆನ್ ಆಗಷ್ಟೇ ಬಗ್ಗಿದ್ದರು. ಐದೇ ಸೆಕೆಂಡಿಗೆ ಪಂದ್ಯ ಮುಗಿಯಿತು. ಇನ್ನೊಂದು ಅಪಾಯ ಕೊರಳಿಗೆ: ಕಾಲು ಹಿಡಿಯಲು ಬಗ್ಗಿದವನ ಕುತ್ತಿಗೆಯನ್ನು ಕಂಕುಳಲ್ಲಿ ಅದುಮುವ ಗಿಲೋಟಿನ್. ಯುಎಫ್‌ಸಿಗೆ ಕಾಲಿಟ್ಟ ಮೊದಲ ಭಾರತೀಯ ಭರತ್ ಖಂಡಾರೆ 2017ರಲ್ಲಿ ಶಾಂಘೈನಲ್ಲಿ ಸೋತದ್ದು ಇದಕ್ಕೇ.

ಪರಿಹಾರ ಸರಳ, ರೂಢಿ ಕಷ್ಟ. ಬರಿಗೈಯಲ್ಲಿ ನುಗ್ಗಬೇಡಿ, ಮೊದಲು ಒಂದು ಗುದ್ದು ತೋರಿಸಿ, ಅವನ ಕೈ ಮೇಲೇರಿದಾಗ ಕೆಳಗೆ ಹೋಗಿ. ತಲೆ ಅವನ ಪಕ್ಕೆಲುಬಿಗೆ ಅಂಟಿರಲಿ, ನೋಟ ಮೇಲಿರಲಿ. ನುಗ್ಗುವ ದೂರವನ್ನೂ ಕಡಿಮೆ ಮಾಡಿ: ಇಲ್ಲಿ ಬೂಟಿಲ್ಲ, ಬರಿಗಾಲು ಬೆವರಿಗೆ ಜಾರುತ್ತದೆ.

ಏಟು ತಿನ್ನುವುದು

ಕುಸ್ತಿಯನ್ನೂ ಏಟನ್ನೂ ಬೆರೆಸಿದ್ದು ನಮಗೆ ಹೊಸತಲ್ಲ. ಮೈಸೂರು ದಸರೆಯ ವಜ್ರಮುಷ್ಟಿ ಕಾಳಗದಲ್ಲಿ ಜಟ್ಟಿಗಳು ಮಾಡುವುದು ಅದನ್ನೇ. ಆದರೆ ಅಲ್ಲಿ ನೆತ್ತಿಯಲ್ಲಿ ರಕ್ತ ಕಂಡರೆ ಕಾಳಗ ಮುಗಿಯಿತು. ಎಂಎಂಎನಲ್ಲಿ ಸಾಮಾನ್ಯವಾಗಿ 5 ನಿಮಿಷದ ಮೂರು ಸುತ್ತು, ನಡುವೆ ಒಂದೊಂದು ನಿಮಿಷ ವಿರಾಮ. ಫ್ರೀಸ್ಟೈಲ್ ಕುಸ್ತಿಯ 3 ನಿಮಿಷದ ಎರಡು ಅವಧಿಗೆ ಪಳಗಿದ ದಮ್ಮು ಮೂರನೇ ಸುತ್ತಿಗೆ ಸಾಲದು. ಪಂದ್ಯದ ಕೈಗವಸು ಬರೀ 4 ಔನ್ಸ್. ಅಭ್ಯಾಸಕ್ಕೆ 16 ಔನ್ಸಿನದ್ದು, ಹಲ್ಲಿನ ಗಾರ್ಡ್, ಕಣಕಾಲಿನ ಪ್ಯಾಡ್, ಗುಪ್ತಾಂಗದ ಕವಚ ತಪ್ಪದೆ ಇರಲಿ. ತಲೆಗೆ ಜೋರಾದ ಏಟು ಬಿದ್ದು ತಲೆಸುತ್ತು, ವಾಂತಿ, ಮಂಕು ಕಂಡರೆ ಆ ದಿನದ ಆಟ ಮುಗಿಯಿತು. ವೈದ್ಯರು ಒಪ್ಪುವವರೆಗೆ ಮತ್ತೆ ಯಾರಿಂದಲೂ ಹೊಡೆಸಿಕೊಳ್ಳಬೇಡಿ.

ಪಂಜರದ ಬಲೆಗೆ ಒತ್ತಿ ಕೆಡವುವುದು, ಅದಕ್ಕೇ ಬೆನ್ನು ಕೊಟ್ಟು ಏಳುವುದು ಬೇರೆಯೇ ಪಾಠ. ಕುಸ್ತಿಯಲ್ಲಿ ವೃತ್ತದಿಂದ ಹೊರಗೆ ತಳ್ಳಿದರೆ ಅಂಕ. ಇಲ್ಲಿ ಹೊರಗೆಂಬುದೇ ಇಲ್ಲ. ಬಲೆಯನ್ನು ಬೆರಳಿನಿಂದ ಹಿಡಿದರೆ ಮಾತ್ರ ಫೌಲ್.

ತೂಕ

ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮಿತಿ ಮೀರಿದ ಬರೀ 100 ಗ್ರಾಂ ತೂಕ ಕುಸ್ತಿಪಟು ವಿನೇಶ್ ಫೋಗಟ್‌ರನ್ನು ಫೈನಲ್‌ಗೆ ಮುನ್ನವೇ ಅನರ್ಹಗೊಳಿಸಿದ್ದನ್ನು ಎಲ್ಲರೂ ನೋಡಿದ್ದೇವೆ. ಕುಸ್ತಿಯಲ್ಲಿ ಪಂದ್ಯದ ದಿನ ಬೆಳಿಗ್ಗೆಯೇ ತೂಕ. ಎಂಎಂಎನಲ್ಲಿ ಸಾಮಾನ್ಯವಾಗಿ ಹಿಂದಿನ ದಿನ. ಒಂದು ರಾತ್ರಿ ಹೆಚ್ಚು ಸಿಗುತ್ತದಲ್ಲ ಎಂದು ಇನ್ನೂ ನಾಲ್ಕು ಕಿಲೋ ನೀರು ಹಿಂಡಲು ಹೋಗುವವರಿದ್ದಾರೆ. ಕಾರ್ಮಿಯರ್ 2008ರ ಬೀಜಿಂಗ್ ಒಲಿಂಪಿಕ್ಸ್ ಕಳೆದುಕೊಂಡದ್ದು ತೂಕ ಇಳಿಸಲು ಹೋಗಿ ಮೂತ್ರಪಿಂಡ ಕೈಕೊಟ್ಟಾಗ. 2015ರಲ್ಲಿ ಚೀನಾದ ಯುವ ಸ್ಪರ್ಧಿಯೊಬ್ಬ ತೂಕ ಇಳಿಸುತ್ತಲೇ ಸತ್ತ ಮೇಲೆ ಒನ್ ಚಾಂಪಿಯನ್‌ಷಿಪ್ ದೇಹದಲ್ಲಿ ನೀರಿನಂಶ ಪರೀಕ್ಷಿಸುವ ನಿಯಮ ತಂದಿತು. ನಿಮ್ಮ ಸಹಜ ತೂಕಕ್ಕೆ ಹತ್ತಿರದ ವಿಭಾಗವನ್ನೇ ಆರಿಸಿ. ಮೊದಲ ಪಂದ್ಯಕ್ಕಂತೂ ತೂಕ ಇಳಿಸುವ ಗೋಜೇ ಬೇಡ.

ಮೊದಲ ಪಂದ್ಯ

ವೃತ್ತಿಪರ ಪಂದ್ಯಕ್ಕೆ ಹಾರುವ ಮುನ್ನ ಜಿಯು-ಜಿಟ್ಸು ಸ್ಪರ್ಧೆಗಳಲ್ಲೂ ಒಂದೆರಡು ಅಮೆಚೂರ್ ಪಂದ್ಯಗಳಲ್ಲೂ ಆಡಿ ನೋಡಿ. ಎಚ್ಐವಿ, ಹೆಪಟೈಟಿಸ್ ಬಿ ಮತ್ತು ಸಿ ರಕ್ತಪರೀಕ್ಷೆ ಮಾಡಿಸಿ; ಎದುರಾಳಿಯೂ ಮಾಡಿಸಿದ್ದಾನೆಯೇ ಎಂದು ಸಂಘಟಕರನ್ನು ಕೇಳಿ. ಕರಾರುಪತ್ರವನ್ನು ಗೊತ್ತಿರುವ ವಕೀಲರ ಕೈಲಿ ಓದಿಸಿ. ಗಾಯವಾದರೆ ಆಸ್ಪತ್ರೆ ಖರ್ಚು ಯಾರದ್ದೆಂಬ ಸಾಲು ಅದರಲ್ಲಿ ಇರಲೇಬೇಕು. ಪಂದ್ಯದ ಸಂಜೆ ಕೈಗೆ ಪಟ್ಟಿ ಸುತ್ತಿಸಿಕೊಳ್ಳುವ ಮೊದಲು ಹೊರಗೆ ಬಂದು ಆಂಬುಲೆನ್ಸ್ ನಿಂತಿದೆಯೇ, ಪಂಜರದ ಪಕ್ಕ ವೈದ್ಯರು ಕೂತಿದ್ದಾರೆಯೇ ಎಂದು ಕಣ್ಣಾರೆ ನೋಡಿ. ಇಲ್ಲದಿದ್ದರೆ, ಪೋಸ್ಟರ್ ಮೇಲೆ ನಿಮ್ಮ ಫೋಟೊ ಎಷ್ಟೇ ದೊಡ್ಡದಿರಲಿ, ಬ್ಯಾಗ್ ಹೆಗಲಿಗೇರಿಸಿ ಮನೆಗೆ ಬನ್ನಿ.