ಕುಡಿಯುವ ನೀರು ಮತ್ತು ಸೋಸುವ ಹೂಜಿಯ ಆಯ್ಕೆ

ನೀರನ್ನು ಸೋಸಿ ಕುಡಿಯುವುದು ನಮ್ಮ ಹಿರಿಯರಿಂದ ಬಂದ ವಾಡಿಕೆ. ಬಟ್ಟೆಯ ಸೋಸಣಿಕೆಯ ಸ್ಥಾನದಲ್ಲಿ ಇಂದು ಫಿಲ್ಟರ್ ಹೂಜಿ ಬಂದಿದೆ. ಅದನ್ನು ಕೊಳ್ಳುವ ಮುನ್ನ ಗೃಹಸ್ಥರು ಅರಿಯಬೇಕಾದುದು ಹೂಜಿಯ ಗುಣವನ್ನಲ್ಲ, ತಮ್ಮ ಮನೆಯ ನೀರಿನ ಗುಣವನ್ನು.

ಬೆಂಗಳೂರಿನ ಚಂದ್ರಾ ಲೇಔಟ್‌ನಂತಹ ಬಡಾವಣೆಗಳ ಮನೆಗಳಿಗೆ ನೀರು ಒಂದೇ ಮೂಲದಿಂದ ಬರುವುದಿಲ್ಲ. ಸುಮಾರು 100 ಕಿ.ಮೀ. ದೂರದ ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಣಗೊಂಡು ಪಂಪುಗಳ ಬಲದಿಂದ ಮೇಲೇರಿ ಬರುವ ಕಾವೇರಿ ನೀರು ಒಂದು. ಇದು ನಗರವನ್ನು ಮುಟ್ಟಿದ್ದು 1974ರಲ್ಲಿ. ಕೊಳವೆಬಾವಿಯ ನೀರು ಇನ್ನೊಂದು. ಅಭಾವ ತಲೆದೋರಿದಾಗ ಟ್ಯಾಂಕರ್ ನೀರು ಮತ್ತೊಂದು. 2024ರ ಬೇಸಿಗೆಯಲ್ಲಿ ನಗರದ ಅನೇಕ ಕುಟುಂಬಗಳು ಟ್ಯಾಂಕರನ್ನೇ ನೆಚ್ಚಬೇಕಾಯಿತು. ಈ ನೀರುಗಳು ಸಂಪಿನಲ್ಲಿ ಬೆರೆತ ಮೇಲೆ ಅವುಗಳ ಗುಣದೋಷಗಳು ಕಣ್ಣಿಗೆ ಗೋಚರಿಸುವುದಿಲ್ಲ.

ಸಾಮಾನ್ಯ ಹೂಜಿಯ ಕಾರ್ಟ್ರಿಜ್‌ನಲ್ಲಿ ಸಕ್ರಿಯ ಇದ್ದಿಲು ಮತ್ತು ಅಯಾನು ವಿನಿಮಯ ರಾಳ ಇರುತ್ತವೆ. ಇದ್ದಿಲು ಕ್ಲೋರಿನ್ನಿನ ರುಚಿಯನ್ನೂ ವಾಸನೆಯನ್ನೂ ಹೀರಿಕೊಳ್ಳುತ್ತದೆ; ರಾಳವು ಗಡಸುತನವನ್ನು ಒಂದಿಷ್ಟು ತಗ್ಗಿಸುತ್ತದೆ. ವಿದ್ಯುತ್ತು ಬೇಡ, ನೀರೂ ಪೋಲಾಗದು. ಆದರೆ ಇಂತಹ ಹೂಜಿಯು ರೋಗಾಣುಗಳನ್ನು ಕೊಲ್ಲುವುದಿಲ್ಲ. ಫ್ಲೋರೈಡ್ ಮತ್ತು ನೈಟ್ರೇಟುಗಳ ನಿವಾರಣೆಗೂ ಅದನ್ನು ನಂಬುವಂತಿಲ್ಲ.

ಆದುದರಿಂದ ಮೊದಲು ಸಂಪಿನ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸತಕ್ಕದ್ದು. ಭಾರತೀಯ ಮಾನಕದಂತೆ (ಐಎಸ್ 10500, 2012) ಒಂದು ಲೀಟರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರದಿರುವುದು ಒಳಿತು; ಬೇರೆ ನೀರು ದೊರೆಯದಿದ್ದಲ್ಲಿ 1.5ರವರೆಗೆ ಅನುಮತಿಯುಂಟು. ನೈಟ್ರೇಟ್ 45 ಮಿಲಿಗ್ರಾಂ ಮೀರಕೂಡದು. ಇವು ಮೀರಿದ್ದರೆ ಹೂಜಿಯನ್ನು ಬಿಟ್ಟು ಆರ್.ಓ. ಯಂತ್ರವನ್ನೋ ಬೇರೆ ನೀರನ್ನೋ ಆಶ್ರಯಿಸಬೇಕು. ಕುದಿಸಿದರೂ ಈ ಲವಣಗಳು ಹೋಗುವುದಿಲ್ಲ. ರೋಗಾಣುಗಳು ಕಂಡುಬಂದರೆ ಸಂಪನ್ನು ತೊಳೆಯಿಸಿ, ನೀರನ್ನು ಸೋಸಿದ ಬಳಿಕ ಚೆನ್ನಾಗಿ ಕುದಿಸಿ ಕುಡಿಯಬೇಕು. ಟಿಡಿಎಸ್ ಮಾಪಕವು ಕರಗಿದ ಲವಣಗಳ ಒಟ್ಟು ಪ್ರಮಾಣವನ್ನು ಅಂದಾಜಿಸುತ್ತದೆಯೇ ಹೊರತು ರೋಗಾಣುಗಳ ಸುಳಿವನ್ನು ಕೊಡದು. ಪರೀಕ್ಷೆಯಲ್ಲಿ ನೀರು ನಿರ್ದೋಷವೆಂದು ತಿಳಿದು, ರುಚಿ ವಾಸನೆಗಳಷ್ಟೇ ಅಹಿತವಾಗಿದ್ದರೆ ಹೂಜಿ ಸಾಕು.

ಕೊಳ್ಳುವಾಗ ಹೂಜಿಯ ಬೆಲೆಗಿಂತ ಕಾರ್ಟ್ರಿಜ್‌ನ ವರ್ಷದ ವೆಚ್ಚವನ್ನು ಲೆಕ್ಕ ಹಾಕುವುದು ಜಾಣತನ. 150 ಲೀಟರ್ ಸೋಸಬಲ್ಲದೆಂದು ನಮೂದಿಸಿದ ಕಾರ್ಟ್ರಿಜ್, ದಿನಕ್ಕೆ 10 ಲೀಟರ್ ಬಳಸುವ ಕುಟುಂಬದಲ್ಲಿ 15 ದಿನಗಳಿಗೇ ಮುಗಿಯುತ್ತದೆ. ಅವಧಿ ಮೀರಿದ ಇದ್ದಿಲಿನಲ್ಲಿ ಸೂಕ್ಷ್ಮಜೀವಿಗಳು ಬೆಳೆಯುವ ಸಂಭವವಿದೆ. ಕೈ ಹೊಗಿಸಿ ತೊಳೆಯಬಲ್ಲ ಅಗಲ ಬಾಯಿ, ಬಿಗಿಯಾದ ಮುಚ್ಚಳ, ಕಾರ್ಟ್ರಿಜ್ ಸುಲಭವಾಗಿ ದೊರೆಯುವ ಅನುಕೂಲ ಇವನ್ನೂ ಗಮನಿಸಬೇಕು.

ಇನ್ನೊಂದು ಎಚ್ಚರಿಕೆ ಅಗತ್ಯ. ಶುದ್ಧೀಕರಣ ಘಟಕದಲ್ಲಿ ಕ್ಲೋರಿನ್ ಬೆರೆಸುವುದು ದಾರಿಯುದ್ದಕ್ಕೂ ನೀರನ್ನು ಕಾಯಲೆಂದು. ಹೂಜಿಯು ರುಚಿಗಾಗಿ ಆ ಕಾವಲನ್ನೇ ತೆಗೆದುಹಾಕುತ್ತದೆ. ಆದಕಾರಣ ಸೋಸಿದ ನೀರನ್ನು ಮುಚ್ಚಿಟ್ಟು ಅಂದಂದೇ ಬಳಸತಕ್ಕದ್ದು. ರುಚಿಯಾದ ನೀರೆಲ್ಲವೂ ಶುದ್ಧವಲ್ಲ ಎಂಬ ಈ ವಿವೇಕವನ್ನು ಮಕ್ಕಳಿಗೆ ಶಾಲೆಯಲ್ಲಿಯೇ ಕಲಿಸಿದರೆ ಮನೆಮಂದಿಯ ಆರೋಗ್ಯಕ್ಕೆ ಅದು ಭದ್ರವಾದ ಬುನಾದಿಯಾದೀತು.